ಸರ್ಪಹುಣ್ಣು: ಜಾಜು ಹಚ್ಚುವುದರಲ್ಲಿ ಕಳೆದುಹೋಗುವ ಮೂರು ದಿನ

“ಹಾವಿನ ಬಾಯಿ-ಬಾಲ ಕೂಡಿದ್ರ ಜೀವ ಉಳಿಯಂಗಿಲ್ಲ.” ಕಲಬುರಗಿ, ಬೀದರ, ಯಾದಗಿರಿ ಕಡೆ ಹಾವು ಸುತ್ತಿದಂತೆ ಮೈಮೇಲೆ ನೀರುಗುಳ್ಳೆಗಳ ಪಟ್ಟಿ ಏಳುವ ಸರ್ಪಹುಣ್ಣು (ಹರ್ಪಿಸ್ ಜೋಸ್ಟರ್) ಬಂದ ಮನೆಯಲ್ಲಿ ಈ ಮಾತು ಬಂದೇ ಬರುತ್ತದೆ. ಆ ಹೆದರಿಕೆಗೆ ಜನ ಮೊದಲು ಓಡುವುದು ಜಾಜು ಎಂಬ ಕೆಂಪು ಮಣ್ಣು ಹಚ್ಚುವವರ, ಮಂತ್ರ ಹಾಕುವವರ ಹತ್ತಿರ. ಔಷಧಿ ಚೆನ್ನಾಗಿ ಹತ್ತುವ ಮೂರು ದಿನ ಅಲ್ಲೇ ಕಳೆದುಹೋಗುತ್ತದೆ.

ಹಿಂದೆ ಎಂದೋ ಮೈಮೇಲೆ ಅಮ್ಮ ಬಂದಿತ್ತಲ್ಲ, ಅದೇ ಚಿಕನ್ ಪಾಕ್ಸ್, ಅದರ ವೈರಸ್ ಬೆನ್ನುಹುರಿ ಪಕ್ಕದ ನರಗಂಟಿನಲ್ಲಿ ಅಡಗಿ ಕೂತಿರುತ್ತದೆ. ವಯಸ್ಸಾದಾಗ, ಸ್ಟೀರಾಯ್ಡ್ ಇಲ್ಲವೇ ಕ್ಯಾನ್ಸರ್ ಔಷಧಿಯಿಂದ ಮೈಯ ಶಕ್ತಿ ಕುಂದಿದಾಗ, ಒಂದು ನರದ ಗುಂಟ ಚರ್ಮಕ್ಕೆ ಬರುತ್ತದೆ. ಆ ನರ ಮೈಯ ಒಂದೇ ಬದಿಯದು. ಅದಕ್ಕೇ ಬೆನ್ನಲ್ಲಿ ಶುರುವಾದ ಗುಳ್ಳೆಗಳ ಪಟ್ಟಿ ಹೊಕ್ಕಳಿನ ನೇರಕ್ಕೆ ಬಂದು ನಿಂತುಬಿಡುತ್ತದೆ, ಸುತ್ತು ಪೂರ್ತಿಯಾಗುವುದಿಲ್ಲ. ರೋಗನಿರೋಧಕ ಶಕ್ತಿ ತೀರಾ ಕುಸಿದವರಲ್ಲಿ ಮಾತ್ರ ಮೈಯೆಲ್ಲ ಹರಡಬಹುದು. ಅಂಥವರನ್ನು ಕೂಡಲೇ ಆಸ್ಪತ್ರೆಗೆ ಸೇರಿಸಬೇಕು.

ಜಾಜಿನಿಂದಲೇ ವಾಸಿಯಾಯಿತು ಎನ್ನುವವರು ಬಹಳ. ಏನೂ ಹಚ್ಚದಿದ್ದರೂ ಗುಳ್ಳೆ ಎರಡರಿಂದ ನಾಲ್ಕು ವಾರದಲ್ಲಿ ಒಣಗುತ್ತದೆ. ಕೆಲವರಲ್ಲಿ ಒಣಗದೆ ಉಳಿಯುವುದು ಒಳಗಿನ ನರದ ನೋವು. ಮೂರು ತಿಂಗಳು ದಾಟಿದರೂ ಅಂಗಿಯ ಬಟ್ಟೆ ತಾಗಿದರೆ ಬೆಂಕಿ ಇಟ್ಟಂತಾಗುತ್ತದೆ, ರಾತ್ರಿ ನಿದ್ದೆ ಹತ್ತುವುದಿಲ್ಲ. ಅರವತ್ತು ದಾಟಿದವರಿಗೆ ಈ ಕಾಟ ಹೆಚ್ಚು.

ಗುರುತು ಹಿಡಿಯುವುದು ಹೀಗೆ: ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಒಂದು ಪಕ್ಕಕ್ಕೆ ಉರಿ, ಚುಚ್ಚು. ಗ್ಯಾಸ್, ಕಿಡ್ನಿ ಕಲ್ಲು ಎಂದುಕೊಂಡು ಬಾಮು ತಿಕ್ಕುತ್ತಾರೆ. ಆಮೇಲೆ ಕೆಂಪು ಚರ್ಮದ ಮೇಲೆ ನೀರುಗುಳ್ಳೆಗಳ ಗೊಂಚಲು ಏಳುತ್ತದೆ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈದ್ಯರು ವೈರಸ್ ತಡೆಯುವ ಮಾತ್ರೆ ಶುರುಮಾಡಬೇಕು. ವಯಸ್ಕರಿಗೆ ಸಾಮಾನ್ಯವಾಗಿ ಅಸೈಕ್ಲೋವಿರ್ 800 ಮಿ.ಗ್ರಾಂ. ದಿನಕ್ಕೆ ಐದು ಸಲ, ಇಲ್ಲವೇ ವ್ಯಾಲಸೈಕ್ಲೋವಿರ್ 1000 ಮಿ.ಗ್ರಾಂ. ದಿನಕ್ಕೆ ಮೂರು ಸಲ, ಏಳು ದಿನ. ದಿನಕ್ಕೆ ಐದು ಸಲ ಎಂದರೆ ಒಂದೆರಡು ತಪ್ಪಿಯೇ ತಪ್ಪುತ್ತದೆ, ಮೂರರದ್ದು ಸುಲಭ. ನೀರು ಚೆನ್ನಾಗಿ ಕುಡಿಯಬೇಕು. ಕಿಡ್ನಿ ತೊಂದರೆ ಇದ್ದವರಿಗೆ ಪ್ರಮಾಣ ಇಳಿಸಬೇಕು, ಹಾಗಾಗಿ ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಾವೇ ನುಂಗುವುದು ಬೇಡ. ತುರಿಕೆಗೆಂದು ಕೊಡುವ ಸ್ಟೀರಾಯ್ಡ್ ಟ್ಯೂಬನ್ನಂತೂ ಹಚ್ಚಲೇಬಾರದು. ನರದ ನೋವಿಗೆ ಗ್ಯಾಬಾಪೆಂಟಿನ್, ಪ್ರಿಗ್ಯಾಬಾಲಿನ್, ಅಮಿಟ್ರಿಪ್ಟಿಲೀನ್ ಇವೆ. ತಲೆ ತಿರುಗುತ್ತದೆ, ಮಂಪರು ಬರುತ್ತದೆ, ಅದಕ್ಕೇ ಸಣ್ಣ ಪ್ರಮಾಣದಿಂದ ಏರಿಸುತ್ತಾರೆ.

ಹಣೆ, ರೆಪ್ಪೆ, ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಅವತ್ತೇ ಕಣ್ಣಿನ ವೈದ್ಯರ ಹತ್ತಿರ ಹೋಗಿ. ಮೂಗಿನ ತುದಿಗೂ ಕಣ್ಣಿಗೂ ಹೋಗುವುದು ಒಂದೇ ನರದ ಕವಲು, ದೃಷ್ಟಿಯೇ ಹೋಗಬಹುದು. ಕಿವಿಯಲ್ಲಿ ಗುಳ್ಳೆ ಎದ್ದು ಬಾಯಿ ಸೊಟ್ಟಗಾದರೂ ತಡ ಮಾಡಬೇಡಿ.

ಗುಳ್ಳೆ ಪೂರ್ತಿ ಹಕ್ಕಳೆಗಟ್ಟುವವರೆಗೆ ಅದರ ನೀರು ತಾಗಿದರೆ, ಹಿಂದೆ ಅಮ್ಮ ಬಾರದವರಿಗೆ ಚಿಕನ್ ಪಾಕ್ಸ್ ಬರಬಹುದು. ಬಸುರಿಯರು, ಹಸುಗೂಸುಗಳು ದೂರವಿರಲಿ. ಗುಳ್ಳೆಯ ಮೇಲೆ ಸಡಿಲ ಹತ್ತಿ ಬಟ್ಟೆ ಹೊದಿಸಿ.

ಇನ್ನು ಲಸಿಕೆ. ಶಿಂಗ್ರಿಕ್ಸ್ ಭಾರತದಲ್ಲಿ 2023ರಿಂದ ಸಿಗುತ್ತಿದೆ. 50 ದಾಟಿದವರಿಗೆ ತೋಳಿನ ಸ್ನಾಯುವಿಗೆ ಎರಡು ಡೋಸ್, ನಡುವೆ ಎರಡರಿಂದ ಆರು ತಿಂಗಳ ಅಂತರ. ಪರೀಕ್ಷೆಗಳಲ್ಲಿ 90 ಪ್ರತಿಶತಕ್ಕೂ ಹೆಚ್ಚು ರಕ್ಷಣೆ ಕಂಡಿದೆ. ಜೀವಂತ ವೈರಸ್ ಇಲ್ಲದ್ದರಿಂದ ಶಕ್ತಿ ಕುಂದಿದವರಿಗೂ ಕೊಡಬಹುದು. ಎರಡು-ಮೂರು ದಿನ ತೋಳು ನೋವು, ಮೈಕೈ ನೋವು, ಜ್ವರ ಬರಬಹುದು. ಅದಕ್ಕೆ ಹೆದರಿ ಎರಡನೇ ಡೋಸ್ ಬಿಡಬೇಡಿ. ಬೆಲೆ ಮಾತ್ರ ಡೋಸಿಗೆ ಸಾವಿರಾರು ರೂಪಾಯಿ. ತೊಗರಿ ಮಾರಿ ವರ್ಷ ದೂಡುವ ಮನೆಗಳಿಗೆ ಇದು ಎಟುಕುವುದಿಲ್ಲ. ಸರಕಾರ ಹಿರಿಯರಿಗೆ ಪುಕ್ಕಟೆ ಕೊಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈಗಾಗಲೇ ಗುಳ್ಳೆ ಎದ್ದವರಿಗೆ ಲಸಿಕೆ ಚಿಕಿತ್ಸೆಯಲ್ಲ. ಅವರು ಪೂರ್ತಿ ಗುಣವಾದ ಮೇಲೆ, ವೈದ್ಯರನ್ನು ಕೇಳಿ ಹಾಕಿಸಿಕೊಳ್ಳಬಹುದು.