ಗೂಡ್ಸ್ ಗಾಡಿಗೆ ಕಂಕಣಬಲ

ರೈಲ್ವೆ ಗೇಟು ಬಿದ್ದಾಗ ಸೈಕಲ್ಲಿಗೆ ಒರಗಿ ಡಬ್ಬಿ ಎಣಿಸುವ ಮಕ್ಕಳನ್ನು ಬಿಟ್ಟರೆ ಗೂಡ್ಸ್ ಗಾಡಿಯನ್ನು ಅಕ್ಕರೆಯಿಂದ ನೋಡುವವರು ಕಡಿಮೆ. ನಮ್ಮ ಪ್ಯಾಸೆಂಜರನ್ನು ಯಾವುದೋ ಹಾಳು ಸ್ಟೇಷನ್ನಿನಲ್ಲಿ ಅರ್ಧ ಗಂಟೆ ಕಾಯಿಸುವ ಗಾಡಿ ಎಂದಷ್ಟೇ ಅದರ ಖ್ಯಾತಿ. ಉತ್ತರ ಕ್ಯಾಲಿಫೋರ್ನಿಯಾದ ಫೆದರ್ ನದಿಯ ಕಣಿವೆಯಲ್ಲಿ ಮಾತ್ರ ಪಟ್ಟದ ರಾಣಿ ಅದೇ. 1949ರಿಂದ ಈ ದಾರಿಯಲ್ಲಿ ಓಡುತ್ತಿದ್ದ ‘ಕ್ಯಾಲಿಫೋರ್ನಿಯಾ ಜೆಫರ್’ ಎಂಬ ಚೆಂದದ ಪ್ರಯಾಣಿಕ ರೈಲು 1970ರಲ್ಲಿ ನಿಂತುಹೋಯಿತು. ಆಮೇಲೆ ಕಣಿವೆಯ ಹಳಿ ಗೂಡ್ಸಿನ ಪಾಲಾಯಿತು. ಅಕ್ಟೋಬರಿನಲ್ಲಿ ಕ್ಯಾಮೆರಾ ಹೊತ್ತು ಅಲ್ಲಿಗೆ ಹೋಗುವವರು ಕಾಯುವುದೂ ಅದಕ್ಕೇ.

ಕಾಯುವುದು ಎಂದೆನಲ್ಲ, ಕಷ್ಟವಿರುವುದೇ ಅಲ್ಲಿ. ಗೂಡ್ಸಿಗೆ ನಾವು ನೋಡಬಹುದಾದ ವೇಳಾಪಟ್ಟಿ ಇಲ್ಲ. ಎಲೆ ಹಣ್ಣಾಗುವುದಕ್ಕೂ ಇಂಥದೇ ತಾರೀಖು ಎಂದಿಲ್ಲ. ಹೇಳಿದ ಹೊತ್ತಿಗೆ ಬರುವವನು ಸೂರ್ಯ ಒಬ್ಬನೇ, ಅವನೂ ಕಣಿವೆಯ ತಳಕ್ಕೆ ಇಳಿಯುವುದು ಸ್ವಲ್ಪ ಹೊತ್ತು. ಎಲ್ಲರ ಜಾತಕ ಒಂದೇ ಗಳಿಗೆಯಲ್ಲಿ ಕೂಡಿಬಂದರೆ ಚಿತ್ರ, ಇಲ್ಲದಿದ್ದರೆ ಬುತ್ತಿಯ ಚಿತ್ರಾನ್ನ.

ಮೊದಲು ಎಲೆಯ ವಿಷಯ. ‘ಶರದೃತು’ ಎಂದರೆ ನಮ್ಮ ಕಣ್ಣಿಗೆ ಬರುವುದು ತೊಳೆದಿಟ್ಟ ಆಕಾಶ, ನವರಾತ್ರಿಯ ಗೊಂಬೆ, ಬೆಳದಿಂಗಳು. ಎಲೆಯ ಬಣ್ಣ ಅದರೊಳಗೆ ಇಲ್ಲ. ನಮ್ಮ ಮಾವು ಕೆಂಪಾಗುವುದು ಚಿಗುರುವಾಗ, ಇಲ್ಲಿಯ ಮರ ಕೆಂಪಾಗುವುದು ಉದುರುವ ಮುನ್ನ. ಮೊದಲು ತಿರುಗುವುದು ಮರವೂ ಅಲ್ಲ, ನೀರಂಚಿನ ಒಂದು ಗಿಡ. ಇಂಡಿಯನ್ ರೂಬಾರ್ಬ್ ಎನ್ನುತ್ತಾರೆ. ತಾವರೆಯೆಲೆಯಂತೆ ನಡುಮಧ್ಯಕ್ಕೆ ದಂಟು ಸೇರಿದ, ಮೊರದಗಲದ ಎಲೆ. ಅಕ್ಟೋಬರ್ ಮೊದಲ ವಾರಗಳಲ್ಲಿ ಕ್ವಿನ್ಸಿ ಊರಿನ ಸುತ್ತ, ಸ್ಪ್ಯಾನಿಷ್ ಕ್ರೀಕ್ ಹಳ್ಳದ ಬಂಡೆಗಳ ನಡುವೆ ಅದು ಕಿತ್ತಳೆ, ಕೆಂಪು, ಕಂದು ಎಲ್ಲವನ್ನೂ ಒಂದೇ ಎಲೆಯಲ್ಲಿ ತೋರಿಸುತ್ತದೆ. ಆಮೇಲೆ ಡಾಗ್‌ವುಡ್, ದೊಡ್ಡೆಲೆ ಮೇಪಲ್. ತಿಂಗಳ ಕೊನೆಗೆ ಬ್ಲ್ಯಾಕ್ ಓಕ್‌ನ ಹಳದಿ. ನಡುವೆ ಒಂದು ಜೋರು ಗಾಳಿಮಳೆ ಬಿತ್ತೋ, ಮೇಪಲ್ ಒಂದೇ ರಾತ್ರಿಯಲ್ಲಿ ಬೋಳು.

ಕಣಿವೆಯ ಕೆಳಭಾಗದಲ್ಲಿ ಎಲ್ಲಕ್ಕಿಂತ ಕಡುಗೆಂಪಾಗಿ ಹೊಳೆಯುವ ಒಂದು ಪೊದೆ ಇದೆ. ಮೂರು ಮೂರು ಎಲೆಯ ಗೊಂಚಲು. ಚಿತ್ರಕ್ಕೆ ಒಳ್ಳೆಯ ಮುನ್ನೆಲೆ ಎಂದು ಅದರೊಳಗೆ ಮಂಡಿಯೂರಿದವರು ವಾರಗಟ್ಟಲೆ ಕೆರೆದುಕೊಳ್ಳುತ್ತಾರೆ. ಪಾಯ್ಸನ್ ಓಕ್ ಅದು. ಹೆಸರಿಗೆ ಓಕ್, ಕುಲ ನಮ್ಮ ಗೇರಿನದು. ಗೇರುಸೊನೆ ಮೈಗೆ ತಾಗಿದ ಕರಾವಳಿಯವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಹಳಿಯದು ಬೇರೆಯೇ ಜಾಣತನ. ವೆಸ್ಟರ್ನ್ ಪೆಸಿಫಿಕ್ ಕಂಪನಿ 1909ರ ನವೆಂಬರ್ 1ರಂದು ಕ್ವಿನ್ಸಿಗೆ ಹತ್ತಿರದ ಕೆಡ್ಡಿ ಎಂಬಲ್ಲಿ ಕೊನೆಯ ಮೊಳೆ ಹೊಡೆದು ಮುಗಿಸಿದ ದಾರಿ ಇದು. ಏರು ಎಲ್ಲಿಯೂ ನೂರಕ್ಕೆ ಒಂದನ್ನು ಮೀರಬಾರದೆಂಬ ಹಟದಿಂದ ನದಿಯ ಪಕ್ಕಕ್ಕೇ ಅಂಟಿಕೊಂಡು ಹತ್ತುತ್ತದೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಏರು ಐವತ್ತಕ್ಕೆ ಒಂದು, ಎಂದರೆ ಇದರ ಎರಡರಷ್ಟು. ಎಡಕುಮೇರಿಯ ಕಡೆ ಎಂಜಿನ್ನಿನ ಏದುಸಿರು ಕೇಳಿದವರಿಗೆ ಇಲ್ಲಿಯ ಹತ್ತುವ ಗಾಡಿ ಸೌಮ್ಯ ಎನಿಸೀತು. ಇಳಿಯುವ ಗಾಡಿಯೇ ದೂರದಿಂದ ಗುಂಯ್‌ಗುಡುವುದು. ಎಂಜಿನ್ನಿನ ಮೋಟಾರುಗಳೇ ಜನರೇಟರುಗಳಾಗಿ ತಿರುಗಿ ಗಾಡಿಯನ್ನು ಹಿಡಿದಿಡುವ ಡೈನಮಿಕ್ ಬ್ರೇಕಿನ ದನಿ ಅದು. ಆದರೆ ತಿರುವಿನ ಹಿಂದಿದ್ದರೆ, ನದಿಯೂ ಸದ್ದು ಮಾಡುತ್ತಿದ್ದರೆ ಅದೂ ಕೇಳದು. ಆದ್ದರಿಂದ ಹಳಿಯ ಮೇಲೆ, ಸೇತುವೆಯ ಮೇಲೆ, ಸುರಂಗದ ಬಾಯಲ್ಲಿ ನಿಲ್ಲುವ ಮಾತೇ ಇಲ್ಲ. ಅದು ರೈಲು ಕಂಪನಿಯ ಸ್ವತ್ತು, ಮೇಲಾಗಿ ಅಪಾಯ. ಹೆಚ್ಚಿನ ಕಡೆ 70ನೇ ನಂಬರಿನ ಹೆದ್ದಾರಿ ನದಿಯ ಆಚೆ ದಡದಲ್ಲಿ ಜೊತೆಗೇ ಬರುತ್ತದೆ. ಅದರ ಪಕ್ಕದ ಅಗಲ ಜಾಗಗಳಲ್ಲಿ ಕಾರು ಪೂರ್ತಿ ಬಿಳಿಗೆರೆಯಿಂದ ಹೊರಗೆ ನಿಲ್ಲುವಂತೆ ನೋಡಿಕೊಂಡರೆ ಸಾಕು, ನಡುವೆ ನದಿಯೂ ಚಿತ್ರಕ್ಕೆ ಸಿಗುತ್ತದೆ. ಪುಲ್ಗಾದಲ್ಲಿ ರೈಲುಸೇತುವೆ ಕೆಳಗೆ, ರಸ್ತೆಯ ಕಮಾನು ಮೇಲೆ. ಟೋಬಿನ್‌ನಲ್ಲಿ ರಸ್ತೆ ಕೆಳಗೆ, ರೈಲು ಮೇಲೆ. ಎರಡನ್ನೂ ಹಿಡಿಯದೆ ಬಂದವರು ಕಡಿಮೆ. ಮೊಬೈಲ್ ಸಿಗ್ನಲ್ ಕಣಿವೆಯುದ್ದಕ್ಕೂ ನೆಚ್ಚುವಂಥದಲ್ಲ. ಕಣಿವೆಯ ಬುಡದ ಊರು ಒರೊವಿಲ್‌ನಲ್ಲೇ ಪೆಟ್ರೋಲ್ ತುಂಬಿಸಿ, ನಕ್ಷೆ ಇಳಿಸಿಕೊಂಡು ಹೊರಡಬೇಕು. ಬೇ ಏರಿಯಾದ ಕನ್ನಡಿಗರು ಬೆಳಗಿನ ಜಾವ ಎದ್ದರೆ ಒಂದೇ ದಿನದಲ್ಲಿ ಮುಗಿಸಬಹುದು, ಗಾಡಿ ಮನಸ್ಸು ಮಾಡಿದರೆ.

ಇನ್ನು ಬೆಳಕು. ಬೆಟ್ಟಗುಡ್ಡದ ಫೋಟೊ ತೆಗೆಯುವವರು ನಡುಹಗಲಲ್ಲಿ ಕ್ಯಾಮೆರಾ ಚೀಲಕ್ಕೆ ಹಾಕುತ್ತಾರೆ. ಇಲ್ಲಿ ತೆಗೆಯಬೇಕಾದದ್ದೇ ಆಗ. ಅಕ್ಟೋಬರ್ ನಡುವಿನ ನಡುಹಗಲ ಸೂರ್ಯ ಬೆಂಗಳೂರಿನಲ್ಲಿ ಸುಮಾರು 68 ಡಿಗ್ರಿ ಎತ್ತರದಲ್ಲಿದ್ದರೆ ಇಲ್ಲಿ 41 ಅಷ್ಟೇ, ಬಿಸಿಲು ಓರೆಯಾಗಿ ಮೃದುವಾಗಿಯೇ ಬೀಳುತ್ತದೆ. ಬೇಸಿಗೆಯ ಲೆಕ್ಕಕ್ಕೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿರುವುದರಿಂದ ಆ ನೆತ್ತಿಯ ಹೊತ್ತು 12:50ರ ಆಸುಪಾಸು. ಬೆಳಿಗ್ಗೆ ಒಂಬತ್ತಕ್ಕೆ ಅನೇಕ ತಿರುವುಗಳ ತಳದಲ್ಲಿ ಇನ್ನೂ ನೆರಳೇ.

ನೆರಳು ಕೆಟ್ಟದ್ದಲ್ಲ, ಅರ್ಧ ನೆರಳು ಕೆಟ್ಟದ್ದು. ಎಂಜಿನ್ ಬಿಸಿಲಲ್ಲಿ, ಹಿಂದಿನ ಗುಡ್ಡ ಕತ್ತಲಲ್ಲಿ ಇದ್ದರೆ ಎರಡರ ನಡುವೆ ಮೂರು ನಾಲ್ಕು ಸ್ಟಾಪ್ ಅಂತರ (ಒಂದೊಂದು ಸ್ಟಾಪಿಗೂ ಬೆಳಕು ಇಮ್ಮಡಿ), ಯಾವುದಾದರೂ ಒಂದನ್ನು ಕೈಬಿಡಬೇಕು. ಎಕ್ಸ್‌ಪೋಷರನ್ನು ಕ್ಯಾಮೆರಾಗೆ ಬಿಟ್ಟರೆ ಇನ್ನೊಂದು ಮೋಸ: ತಿರುವಿನಲ್ಲಿ ಹೆಡ್‌ಲೈಟು ಮತ್ತು ಕೆಳಗಿನ ಎರಡು ಡಿಚ್ ಲೈಟು ಕಣ್ಣಿಗೆ ಹೊಡೆದ ಕೂಡಲೆ ಬೆಳಕು ಅಳೆಯುವ ಮೀಟರು ಹೆದರಿ ಇಡೀ ಕಣಿವೆಯನ್ನು ಕಪ್ಪು ಮಾಡುತ್ತದೆ. ಗಾಡಿ ಬರುವ ಮುಂಚೆಯೇ ಜಲ್ಲಿಯ ಬೂದುಬಣ್ಣವನ್ನು ಅಳೆದು ಮ್ಯಾನುಯಲ್‌ನಲ್ಲಿ ಕಟ್ಟಿಹಾಕಿ. ಫೋಕಸ್ಸನ್ನೂ ಎಂಜಿನ್ ಮೂತಿ ಬರಬೇಕಾದ ಕಡೆಯ, ಹಳಿಯಡಿಯ ಅಡ್ಡಪಟ್ಟಿಯ (ಸ್ಲೀಪರ್) ಮೇಲೆ ಮೊದಲೇ ಇಡಿ. ಬಿಳಿಯ ಸಮತೋಲ (ವೈಟ್ ಬ್ಯಾಲೆನ್ಸ್) ಆಟೊದಲ್ಲಿದ್ದರೆ ಕ್ಯಾಮೆರಾ ಎಲೆಯ ಕಾವನ್ನೇ ದೋಷವೆಂದು ತಿಳಿದು ತಿದ್ದಿಬಿಡುತ್ತದೆ. ನೆರಳಿನಲ್ಲಿ 7000 ಕೆಲ್ವಿನ್ ಸುತ್ತ ಇಟ್ಟರೆ ನೀಲಿ ಇಳಿಯುತ್ತದೆ.

ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಮರೆಯಬಾರದು. ಒದ್ದೆ ಎಲೆಯ ಮೇಲಿನ ಬಿಳಿ ಹೊಳಪು ತೆಗೆದರೆ ಕೆಳಗಿನ ಬಣ್ಣ ಎದ್ದುಬರುತ್ತದೆ. ಅದು ಕೇಳುವ ಬೆಲೆ ಒಂದೂವರೆ, ಎರಡು ಸ್ಟಾಪ್ ಬೆಳಕು. ಅದನ್ನು ತುಂಬಿಕೊಳ್ಳಲು ಷಟರ್ ವೇಗ ಇಳಿಸಿದಿರೋ, ಚಿತ್ರದಲ್ಲಿ ಗಾಡಿ ಅಲುಗುತ್ತದೆ. ಗಂಟೆಗೆ 40 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ 11 ಮೀಟರ್ ಸರಿಯುತ್ತದೆ, 1/500 ಸೆಕೆಂಡಿನಲ್ಲೂ ಎರಡು ಸೆಂಟಿಮೀಟರಿಗೂ ಹೆಚ್ಚು. ಎದುರಿನಿಂದ ಬರುವಾಗ ಅದು ಗೊತ್ತಾಗದು, ಅಡ್ಡ ಹಾಯುವಾಗ ಕಾಣುತ್ತದೆ. ಷಟರ್ ಬಿಡದೆ, ಸೆನ್ಸರಿನ ಬೆಳಕಿನ ಸೂಕ್ಷ್ಮತೆಯಾದ ಐಎಸ್‌ಒವನ್ನು 800ಕ್ಕೆ ಏರಿಸುವುದೇ ಮೇಲು.

ಆಮೇಲೊಂದು ವ್ಯಂಗ್ಯ. ಈ ಹಳಿಯ ಈಗಿನ ಒಡೆಯ ಯೂನಿಯನ್ ಪೆಸಿಫಿಕ್‌ನ ಎಂಜಿನ್ ಹಳದಿ. ಕೆಡ್ಡಿಯಲ್ಲಿ ಕವಲೊಡೆದು ಬಂದು ಇದೇ ಹಳಿಯಲ್ಲಿ ಇಳಿಯುವ ಇನ್ನೊಂದು ರೈಲು ಕಂಪನಿ ಬಿಎನ್‌ಎಸ್‌ಎಫ್‌ನದು ಕಿತ್ತಳೆ. ಹಳದಿ ಮೇಪಲ್ಲಿನ ಮುಂದೆ ಹಳದಿ ಎಂಜಿನ್ ನಿಲ್ಲಿಸಿದರೆ ಅರಿಸಿನದ ಡಬ್ಬಿಯೊಳಗೆ ಅರಿಸಿನದ ಕೊಂಬು ಹುಡುಕಿದ ಹಾಗೆ. ಆದ್ದರಿಂದ ಮೇಪಲ್ಲಿಗೆ ಎಂಜಿನ್ನಿನ ಹಿಂದಿನ ತುಕ್ಕು ಡಬ್ಬಿಗಳನ್ನು ಕೊಟ್ಟು, ಎಂಜಿನ್ನಿಗೆ ಕಡುಹಸಿರು ಪೈನನ್ನೋ ಬೂದುಬಂಡೆಯನ್ನೋ ಹಿನ್ನೆಲೆಯಾಗಿ ಹುಡುಕಬೇಕು. ಪೈನ್ ಈಗ ಎಲ್ಲೆಡೆ ಉಳಿದಿಲ್ಲ. 2021ರ ಜುಲೈಯಲ್ಲಿ ಇದೇ ಕಣಿವೆಯಲ್ಲಿ ಹೊತ್ತಿದ ಡಿಕ್ಸಿ ಬೆಂಕಿ ಒಂಬತ್ತು ಲಕ್ಷ ಎಕರೆಗೂ ಮಿಕ್ಕು ಸುಟ್ಟಿತು. ಹಳೆಯ ಚಿತ್ರ ನೋಡಿಕೊಂಡು ಹೋದವರಿಗೆ ಅದೇ ತಿರುವಿನಲ್ಲಿ ಕಪ್ಪು ಕಂಬಗಳ ಸಾಲು ಕಾಣಬಹುದು. ಅವುಗಳ ಬುಡದಲ್ಲಿ ಓಕ್ ಚಿಗುರು ಪೊದೆಯಾಗಿ ಎದ್ದಿರುವ ಕಡೆ, ಕರಿಯ ಮೇಲೆ ಹಳದಿ ಚೆನ್ನಾಗಿಯೇ ಕೂರುತ್ತದೆ.

ಎಂಜಿನ್ ದಾಟಿದ ಕೂಡಲೆ ಲೆನ್ಸಿಗೆ ಮುಚ್ಚಳ ಹಾಕುವವರು ಬಹಳ. ಇಲ್ಲಿಯ ಗಾಡಿ ಮೈಲಿಯುದ್ದ, ಎಷ್ಟೋ ಸಲ ಬಾಲದಲ್ಲೂ ತಳ್ಳುವ ಎಂಜಿನ್ ಇರುತ್ತದೆ. ಅದು ಬರುವಷ್ಟರಲ್ಲಿ, ಈ ಸಲ ಬೇಕೆಂದೇ ಗಾಡಿಯ ಓಟ ಮಸುಕಾಗಿ ಕಾಣಲೆಂದು ಷಟರನ್ನು 1/30ಕ್ಕೆ ಇಳಿಸಿ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಏರಿಸಿಕೊಳ್ಳಲು ಸಮಯವಿದೆ. ಕೊನೆಯ ಡಬ್ಬಿ ಹೋದ ಮೇಲೆ ಹಳಿಯ ನಡುವಿನ ಒಣಗಿದೆಲೆಗಳು ಎದ್ದು ಹತ್ತಿಪ್ಪತ್ತು ಮೀಟರ್ ಅದರ ಹಿಂದೆ ಓಡುತ್ತವೆ.