ಒದ್ದೆ ಚಡ್ಡಿಗೆ ಕಿಸೆಯಿಲ್ಲ

ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮುಗಿಸಿ ಹಿಂದೆ ಬರುವ ದೋಣಿಯಲ್ಲಿ, ಎಲ್ಲರೂ ಮೈ ಒರೆಸಿಕೊಂಡು ಫೋಟೋ ನೋಡುತ್ತ ಕೂತಿರುವಾಗ, ಒಬ್ಬರಾದರೂ ಹೇಳುವ ಮಾತೊಂದಿದೆ: "ಪ್ಯಾಕೇಜಿನಲ್ಲಿ ಎಲ್ಲ ಸೇರಿದೆಯಲ್ಲ ಮಾರಾಯ್ರೇ, ಮತ್ತೆ ಇವರಿಗೆ ಬೇರೆ ಟಿಪ್ಸ್ ಎಂತಕ್ಕೆ ಕೊಡ್ಲಿಕ್ಕೆ?" ಕಾಸರಗೋಡಿನಿಂದ ಮುರ್ಡೇಶ್ವರದವರೆಗೆ ರೈಲಿನಲ್ಲಿ ಬರುವಾಗ ಸಿಕ್ಕ ಸಿಕ್ಕ ಸ್ಟೇಷನಿನಲ್ಲಿ ವಡೆ ತಿಂದವರೇ ಅವರು. ಮಾತು ದೋಣಿಯಲ್ಲಿ ಕೆಲಸ ಮಾಡುವ ಖಲಾಸಿ ಹುಡುಗನಿಗೆ ಸರಿಯಾಗಿ ಕೇಳಿಸುತ್ತದೆ. ಆಗ ಅವನು ಬಗ್ಗಿ ಅವರದ್ದೇ ಕಾಲಿಗೆ ಹಾಕುವ ಫಿನ್ನು ಹುಡುಕುತ್ತಿರುತ್ತಾನೆ.

ಪ್ಯಾಕೇಜಿನಲ್ಲಿ ಸಿಲಿಂಡರಿನ ಗಾಳಿ ಸೇರಿದೆ, ನಿಜ. ಆ ಗಾಳಿ ತುಂಬಿದವನ ಮುಖವನ್ನು ಯಾರೂ ಕಂಡಿರುವುದಿಲ್ಲ. 11 ಲೀಟರಿನ ಅಲ್ಯುಮಿನಿಯಂ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ಸುಮಾರು 2,200 ಲೀಟರು ಗಾಳಿ ಹಿಡಿಯುತ್ತದೆ. ಅವಸರದಲ್ಲಿ ತುಂಬಿದರೆ ಸಿಲಿಂಡರು ಬಿಸಿಯಾಗುತ್ತದೆ. ಒತ್ತಡ ತೋರಿಸುವ ಮುಳ್ಳು 200 ತೋರಿಸಿದ್ದು ತಣಿಯುವಾಗ 180ರ ಹತ್ತಿರ ಇಳಿದಿರುತ್ತದೆ, ನೀರಿನೊಳಗೆ ಅಷ್ಟು ನಿಮಿಷ ಖೋತಾ. ಕಂಪ್ರೆಸರಿಗೆ ಗಾಳಿ ಎಳೆಯುವ ಪೈಪು ಇಂಜಿನಿನ ಹೊಗೆಯ ಕಡೆ ತಿರುಗಿದ್ದರಂತೂ ಕಾರ್ಬನ್ ಮೋನಾಕ್ಸೈಡು ಒಳಗೆ ಸೇರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇವೆರಡೂ ಆಗದಂತೆ ನೋಡಿಕೊಂಡವನು ಬನಿಯನ್ನಿನಲ್ಲಿ ಶೆಡ್ಡಿನ ಹಿಂದೆ ನಿಂತಿರುತ್ತಾನೆ. ಇನ್ನು ನೀರಿಗಿಳಿಯಲಿಕ್ಕೆ ಹಾಕುವ ವೆಟ್‌ಸೂಟಿನೊಳಗೆ ಏನೇನಾಗುತ್ತದೆ ಎಂದು ಹಾಕಿಕೊಂಡವರು ಬಾಯಿಬಿಡುವುದಿಲ್ಲ. ತೊಳೆಯುವವರಿಗೆ ಗೊತ್ತು.

ಇದನ್ನು ಜಿಪುಣತನ ಎಂದು ಹೇಳಿ ಮುಗಿಸಲಿಕ್ಕೂ ಆಗುವುದಿಲ್ಲ. ಇದೇ ಜನ ಊರಲ್ಲಿ ಕೊಡುವ ಕ್ರಮವನ್ನು ನೋಡಬೇಕು. ಬದಿಯಡ್ಕದ ಕಡೆ ಒಂದು ಉಪನಯನ ಎಂದಿಟ್ಟುಕೊಳ್ಳಿ. ಹದಿನೈದು ದಿನ ಮೊದಲೇ ಬ್ಯಾಂಕಿನಲ್ಲಿ ಹತ್ತರ ಹೊಸ ಕಟ್ಟು ಹೇಳಿಟ್ಟಾಗಿರುತ್ತದೆ. ಕ್ಯಾಷಿಯರಿನ ಗುರ್ತ ಇಲ್ಲದವರಿಗೆ ಅದು ಸುಲಭಕ್ಕೆ ಸಿಗುವಂಥದ್ದಲ್ಲ. ಒಂದು ರೂಪಾಯಿಯ ನಾಣ್ಯ ಬೇರೆ ಬೇಕು, ಯಾಕೆಂದರೆ 50 ಕೊಟ್ಟರೆ ಆಗುವುದಿಲ್ಲ, 51 ಆಗಬೇಕು. ಹೊಸ ನೋಟಿನ ಕೆಟ್ಟ ಬುದ್ಧಿಯೆಂದರೆ ಒಂದಕ್ಕೊಂದು ಅಂಟಿಕೊಳ್ಳುವುದು. ಹಂತಿಯಲ್ಲಿ ಬೇಗ ಬೇಗ ದಕ್ಷಿಣೆ ಹಂಚುವಾಗ ಎರಡೆರಡು ಹೋಗಿ, ಕೊನೆಯ ಎಲೆಗಳ ಹತ್ತಿರ ಬರುವಾಗ ಹರಿವಾಣ ಖಾಲಿ. ಅದಕ್ಕೇ ಹಿಂದಿನ ರಾತ್ರಿ ಮನೆಯ ಹಿರಿಯರೊಬ್ಬರು ಚಾವಡಿಯಲ್ಲಿ ಕೂತು ಕಟ್ಟು ಬಿಚ್ಚಿ, ಬಗ್ಗಿಸಿ, ಮೂಲೆ ಬಿಡಿಸಿ ಮತ್ತೆ ಜೋಡಿಸಿಡುತ್ತಾರೆ. ಪುರೋಹಿತರಿಗೆ ಇಷ್ಟು, ಅವರೊಟ್ಟಿಗೆ ಬಂದವರಿಗೆ ಇಷ್ಟು, ಅಡಿಗೆ ಭಟ್ರಿಗೆ ವೀಳ್ಯದ ಜೊತೆ ಇಷ್ಟು, ಓಲಗದವರಿಗೆ ಇಷ್ಟು, ಎಲೆ ತೆಗೆಯುವವರಿಗೆ, ಪಾತ್ರೆ ತೊಳೆಯುವ ಹೆಂಗಸರಿಗೆ ಇಷ್ಟಿಷ್ಟು ಎಂದು ಉಳಿದ ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಪಟ್ಟಿ. ಕವರಿನ ಮೂಲೆಯಲ್ಲಿ ಪೆನ್ಸಿಲಿನ ಗುರ್ತು. ಕೊಡುವ ಕೆಲಸ ಭಾವನಿಗೆ, ಅವನ ಜುಬ್ಬಕ್ಕೆ ಎರಡು ಕಿಸೆ ಇರುವ ಕಾರಣ: ಎಡಕ್ಕೆ ದೊಡ್ಡ ಕವರು, ಬಲಕ್ಕೆ ಚಿಲ್ರೆ. ಪಾತ್ರೆ ತೊಳೆಯುವವರ ಕವರು ಪಟ್ಟಿಯಲ್ಲೂ ಕೊನೆಗೆ, ಕೈಗೆ ಸೇರುವುದೂ ಕೊನೆಗೆ. ಈ ವಿಷಯದಲ್ಲಿ ಊರೂ ಅಷ್ಟೇನು ಸಾಚಾ ಅಲ್ಲ. ಆದರೂ ಸೇರುತ್ತದೆ.

ಇಂಥ ಮನೆಯವರು ಐದು ಜನ ಸೇರಿ ಒಂದೇ ಒಂದು 500ರ ನೋಟು ಹಿಡಿದುಕೊಂಡು ಸಮುದ್ರಕ್ಕೆ ಹೋಗುತ್ತಾರೆ. ಅದೂ ದಡದಲ್ಲಿಟ್ಟ ಬ್ಯಾಗಿನಲ್ಲಿ. ದೋಣಿ ಮುಟ್ಟಿದ ಕೂಡಲೇ ಇನ್‌ಸ್ಟ್ರಕ್ಟರು ಮುಂದಿನ ಬ್ಯಾಚಿಗೆ ಓಡುತ್ತಾನೆ, ಖಲಾಸಿ ಖಾಲಿ ಸಿಲಿಂಡರು ಹೊರುತ್ತಾನೆ, ಇವರು ಬಟ್ಟೆ ಬದಲಿಸಿ ಬರುವಾಗ ಅಲ್ಲಿ ದೋಣಿಯೂ ಇಲ್ಲ. ಗೂಗಲ್ ಪೇ ಮಾಡುವ ಎಂದರೆ ಒದ್ದೆ ಬೆರಳಿಗೆ ಫೋನು ಮಿಸುಕುವುದಿಲ್ಲ.

ಹಿಂದಿನ ದಿನವೇ 100ರ ನೋಟು ಮಾಡಿಸಿ, ಜಿಪ್ ಇರುವ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡರೆ ಮುಗಿಯಿತು. ಒಂದು ನೀರೊಳಗೆ ಬೆನ್ನ ಹಿಂದೆ ಸಿಲಿಂಡರು ಹಿಡಿದುಕೊಂಡಿದ್ದವನಿಗೆ, ತಲೆಗೆ 200ರಿಂದ 300. ಇನ್ನೊಂದು ದೋಣಿಯವರಿಗೆ, ತಲೆಗೆ 100. ಯಾರೂ ಬಡವರಾಗುವುದಿಲ್ಲ. ದೋಣಿಯವರದ್ದನ್ನು ದೋಣಿ ನಡೆಸುವ ತಾಂಡೇಲನ ಕೈಗೆ ಕೊಟ್ಟು "ಎಲ್ಲರಿಗೂ, ಗಾಳಿ ತುಂಬಿದವರಿಗೂ" ಎಂದು ನಾಲ್ಕು ಜನರಿಗೆ ಕೇಳುವಂತೆ ಹೇಳಬೇಕು. ಮೆಲ್ಲಗೆ ಹೇಳಿದ್ದು ಶೆಡ್ಡಿನವರೆಗೆ ಹೋಗುವುದು ಕಷ್ಟ. ಕೌಂಟರಿನ ಮೇಲಿನ ಟಿಪ್ಸ್ ಡಬ್ಬಿಗೆ ಹಾಕುವ ಮೊದಲು ಅದರ ಬೀಗದ ಕೈ ಯಾರ ಹತ್ತಿರ ಎಂದು ಕೇಳಿ. ದೋಣಿಯಲ್ಲಿ ವಾಂತಿ ಮಾಡಿದ್ದರೆ ಇನ್ನೊಂದು ನೂರು. ಗಾಳಿಗೆ ಎದುರಾಗಿ ಮಾಡಿದ್ದರೆ ಲೆಕ್ಕ ಇಡಬೇಡಿ.

ನೀಲೇಶ್ವರದ ಕೋಟ್ಟಪ್ಪುರದಿಂದ ವಲಿಯಪರಂಬದ ಹಿನ್ನೀರಿಗೆ ಹೌಸ್‌ಬೋಟಿನಲ್ಲಿ ಹೋಗುವವರದ್ದೂ ಇದೇ ಕತೆ. ಬೋಟು ನಡೆಸುವ ಸ್ರಾಂಕನ ಜೊತೆ ಎಲ್ಲರಿಗೂ ಫೋಟೋ ಬೇಕು. ಕರಿಮೀನು ಹುರಿದವನು ಹಿಂದೆ ಹೊಗೆಯಲ್ಲಿ.

ಮಾಲ್ದೀವ್ಸು, ಕೆಂಪು ಸಮುದ್ರದ ಕಡೆ ವಾರಗಟ್ಟಲೆ ಹಡಗಿನಲ್ಲೇ ಉಳಿದು ಡೈವ್ ಮಾಡುವವರಲ್ಲಿ ಪ್ರವಾಸದ ದರದ ಶೇಕಡಾ 10ರ ಆಸುಪಾಸನ್ನು ಕೊನೆಯ ರಾತ್ರಿ ಕವರಿನಲ್ಲಿ ಹಾಕುವ ರೂಢಿಯಿದೆ. ಡಾಲರಿನ ನೋಟು ಹರಿದಿರಬಾರದು, ಗೀಚಿರಬಾರದು. ನಾಣ್ಯ ಬೇಡವೇ ಬೇಡ, ಹೊರದೇಶದ ನಾಣ್ಯವನ್ನು ಹಣ ಬದಲಿಸುವವರು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಜಪಾನಿನಲ್ಲಿ ಟಿಪ್ಸಿನ ಪದ್ಧತಿಯೇ ಇಲ್ಲ. ನಮ್ಮ ಕೆಲವರು ಅಲ್ಲಿಗೇ ಹೋಗಬೇಕು.

ಹೋಟೆಲಿನ ಬಿಲ್ಲಿಗೆ ಸರ್ವಿಸ್ ಚಾರ್ಜನ್ನು ತಾನಾಗಿ ಸೇರಿಸಬಾರದು ಎಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿದ್ದನ್ನು 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಎತ್ತಿಹಿಡಿಯಿತು. ಒಳ್ಳೆಯದೇ. ಆ ತೀರ್ಪನ್ನು ಕ್ಯಾಷಿಯರಿಗೆ ಬಾಯಿಪಾಠ ಒಪ್ಪಿಸಿ ಚಾರ್ಜು ತೆಗೆಸುವ ಮಾಷ್ಟ್ರುಗಳು ಹಲವರಿದ್ದಾರೆ. ತೆಗೆಸಿದ ದುಡ್ಡನ್ನು ನೀರು ಬಡಿಸಿದ ಹುಡುಗನ ಕೈಗೆ ಕೊಟ್ಟವರನ್ನು ಹುಡುಕಬೇಕಷ್ಟೆ.

ಒಂದು ತಕರಾರು ಉಳಿಯಿತು. ಅಲೆ ಏರಿತೆಂದು ತಾಂಡೇಲ ಅರ್ಧ ದಾರಿಯಲ್ಲಿ ದೋಣಿ ತಿರುಗಿಸಿದರೆ? ಮುಳುಗಿದ್ದಿಲ್ಲ, ಮೀನು ಕಂಡಿದ್ದಿಲ್ಲ, ದಡ ಸೇರಿದ ಕೂಡಲೇ ರಿಫಂಡಿನ ಜಗಳ. ಮಾಲಕರ ಹತ್ತಿರ ಧಾರಾಳ ಜಗಳ ಮಾಡಿ. ಆದರೆ ಆ ಖಲಾಸಿ ಬೆಳಗ್ಗೆ ಸಿಲಿಂಡರು ಹೇರಿದ್ದಾನೆ, ಈಗ ತುಂಬಿದ ಸಿಲಿಂಡರುಗಳನ್ನೇ ಇಳಿಸುತ್ತಿದ್ದಾನೆ, ನಡುವೆ ಎಲ್ಲರಿಗೂ ಬಕೆಟು ಹಿಡಿದಿದ್ದಾನೆ. ಅವನ ನೂರು ರೂಪಾಯಿಯನ್ನೂ ರಿಫಂಡಿನ ಲೆಕ್ಕಕ್ಕೆ ಹಿಡಿಯುವವರಿಗೆ ನೇತ್ರಾಣಿ ಯಾಕೆ, ಮನೆಯ ತೋಟದ ಕೆರೆ ಧಾರಾಳ ಸಾಕು.