ಊರಿಗೆ ದುಡ್ಡು ಕಳಿಸಿದವರು, ಊರಿಗೆ ಕೆಲಸ ಕಳಿಸಿದವರು

ಅಥೆನ್ಸ್‌ನಲ್ಲಿ ನಾಲ್ಕು ದಿನ ಇದ್ದರೂ ಸಾಕು, ಮೆತ್ಸೊವೊ ಅನ್ನುವ ಹಳ್ಳಿಯ ಹೆಸರು ಕಿವಿಗೆ ಬೀಳುತ್ತದೆ. ಇಲ್ಲಿನ ದೊಡ್ಡ ತಾಂತ್ರಿಕ ವಿಶ್ವವಿದ್ಯಾಲಯದ ಹೆಸರಿನಲ್ಲೇ ಆ ಊರಿದೆ. 1896ರ ಒಲಿಂಪಿಕ್ಸ್‌ಗೆ ಹಳೆಯ ಕ್ರೀಡಾಂಗಣವನ್ನು ಅಮೃತಶಿಲೆಯಲ್ಲಿ ಮತ್ತೆ ಕಟ್ಟಲು ಹಣ ಕೊಟ್ಟ ವ್ಯಾಪಾರಿ ಜಾರ್ಜಿಯೊಸ್ ಅವೆರೊಫ್ ಆ ಊರಿನವರು. ಸಮುದ್ರದಂಡೆಯಲ್ಲಿ ಈಗ ಮ್ಯೂಸಿಯಂ ಆಗಿ ನಿಂತಿರುವ ಹಳೇ ಯುದ್ಧನೌಕೆಗೂ ಅವರದೇ ಹೆಸರು. ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂಗೆ ಜಾಗ ಕೊಟ್ಟ ಎಲೆನಿ ತೊಸಿತ್ಸಾ ಆ ಊರಿನ ಮನೆತನವೊಂದರ ಸೊಸೆ. ಒಂದು ಬೆಟ್ಟದ ಹಳ್ಳಿಯವರು ರಾಜಧಾನಿಗೆ ಇಷ್ಟೆಲ್ಲ ಮಾಡಿದ್ದಾರೆ.

ಊರು ಇರುವುದು ಪಿಂಡಸ್ ಬೆಟ್ಟಸಾಲಿನಲ್ಲಿ, 1,100 ಮೀಟರಿಗೂ ಎತ್ತರದಲ್ಲಿ. ಜನ ವ್ಲಾಖ್ ಎಂಬ ಸಮುದಾಯದವರು. ಮನೆಮಾತು ರೊಮೇನಿಯನ್‌ಗೆ ಹತ್ತಿರದ್ದು. ಚಳಿಗಾಲ ಬಂತೆಂದರೆ ಕುರಿ ಹೊಡೆದುಕೊಂಡು ಥೆಸಲಿಯ ಬಯಲಿಗೆ ಇಳಿಯುವುದು, ಬೇಸಿಗೆಗೆ ಮತ್ತೆ ಹತ್ತುವುದು, ಇದೇ ಹಿಂದಿನ ಬದುಕು. ಪಕ್ಕದಲ್ಲೇ ಕತಾರಾ ಎಂಬ ಕಣಿವೆದಾರಿ. ಆ ದಾರಿ ಕಾಯುವ ಊರು ಅಂತ ಆಟೊಮನ್ ದೊರೆಗಳು 17ನೇ ಶತಮಾನದಲ್ಲಿ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿದ್ದರು. ವ್ಯಾಪಾರ ಬೆಳೆಯಿತು. ಹುಡುಗರು ಈಜಿಪ್ಟಿನ ಅಲೆಕ್ಸಾಂಡ್ರಿಯದವರೆಗೆ ಹೋದರು, ದುಡಿದರು, ಶ್ರೀಮಂತರಾದರು.

ಇಲ್ಲಿಯವರೆಗೆ ಇದು ನಮ್ಮ ಕಥೆಯೂ ಹೌದು, ಅಲ್ವಾ? ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮ್ಮ ಹಳ್ಳಿಯಿಂದ ನಾನು ಇಲ್ಲಿಗೆ ಬಂದಿದ್ದೇನೆ. ನನ್ನ ಓರಗೆಯವರು ಬೆಂಗಳೂರು, ಪುಣೆ, ದುಬೈ ಅಂತ ಚದುರಿದ್ದಾರೆ. ನಾವೂ ಊರಿಗೆ ದುಡ್ಡು ಕಳಿಸುತ್ತೇವೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಸಮುದಾಯ ಭವನಕ್ಕೆ, ಊರ ಬಾಗಿಲ ಕಮಾನಿಗೆ. ಪ್ರೀತಿಯಿಂದಲೇ ಕಳಿಸುತ್ತೇವೆ. ಆದರೆ ಭವನ ಎದ್ದ ಮೇಲೆ ಅದರೊಳಗೆ ಮದುವೆಯಾಗುವ ವಯಸ್ಸಿನವರು ಊರಲ್ಲಿ ಉಳಿದಿರುವುದಿಲ್ಲ. ಮನೆಮನೆಗೆ ಇಬ್ಬರು ಮುದುಕರು, ಒಂದು ದನ, ಕೊಯ್ಯಲು ಆಳು ಸಿಗದ ತೋಟ.

ಮೆತ್ಸೊವೊದವರು ಬೇರೆ ದಾರಿ ಹಿಡಿದರು. ಯುದ್ಧದಿಂದ ದೇಶ ಜರ್ಜರಿತವಾಗಿದ್ದ ಹೊತ್ತು. ಊರಿನವರಾದ ರಾಜಕಾರಣಿ ಎವಾಂಗೆಲೊಸ್ ಅವೆರೊಫ್ ಸ್ವಿಟ್ಜರ್‌ಲೆಂಡಿನಲ್ಲಿದ್ದ ತೊಸಿತ್ಸಾ ವಂಶದ ಶ್ರೀಮಂತರೊಬ್ಬರ ಬೆನ್ನು ಹತ್ತಿ ಒಪ್ಪಿಸಿದರು. 1947ರಲ್ಲಿ ಒಂದು ಪ್ರತಿಷ್ಠಾನ ಹುಟ್ಟಿತು. ಪಾಳುಬಿದ್ದ ತೊಸಿತ್ಸಾ ಮನೆಯನ್ನು ಎತ್ತಿ ನಿಲ್ಲಿಸಿ ಮ್ಯೂಸಿಯಂ ಮಾಡಿದರು. ಗೋಡೆಯುದ್ದಕ್ಕೂ ಮರದ ಜಗಲಿ, ಅದರ ಮೇಲೆ ಊರಲ್ಲೇ ನೇಯ್ದ ಕೆಂಪು ಉಣ್ಣೆಯ ಹಾಸು. ಈಗಲೂ ನೋಡಲು ಜನ ಬರುವುದು ಅದಕ್ಕೇ.

ನನಗೆ ಅದಕ್ಕಿಂತ ದೊಡ್ಡದು ಅನ್ನಿಸಿದ್ದು ಅದೇ ಪ್ರತಿಷ್ಠಾನದ ಚೀಸ್ ಕಾರ್ಖಾನೆ. ಊರಿನ ಹುಡುಗರನ್ನು ಇಟಲಿಗೆ ಕಳಿಸಿ ಚೀಸ್ ಮಾಡುವುದನ್ನು ಕಲಿಸಿದರು. ಇಟಲಿಯ ವಿದ್ಯೆ, ತಮ್ಮ ಬೆಟ್ಟದ ಹಾಲು. ಹುಟ್ಟಿದ್ದು ‘ಮೆತ್ಸೊವೊನೆ’ ಅನ್ನುವ ಚೀಸ್. ಹೆಚ್ಚಿನ ಪಾಲು ದನದ ಹಾಲು, ಸ್ವಲ್ಪ ಕುರಿ ಅಥವಾ ಮೇಕೆಯದು. ಮೊಸರುಗಡ್ಡೆಯನ್ನು ಬಿಸಿನೀರಿನಲ್ಲಿ ನಾದಿ, ಎಳೆದು, ಉದ್ದನೆಯ ಉರುಳೆ ಮಾಡಿ, ಹಗ್ಗ ಬಿಗಿದು ತೂಗುಹಾಕುತ್ತಾರೆ. ತಿಂಗಳುಗಟ್ಟಲೆ ಮಾಗಿದ ಮೇಲೆ ಹೊಗೆ ಹಾಕುತ್ತಾರೆ. ಅಂಗಡಿಯಲ್ಲಿ ಕೊಯ್ದು ಕೊಟ್ಟ ಚೂರಿನ ಅಂಚು ಕಂದು, ಒಳಗೆ ತಿಳಿಹಳದಿ. ಹೊಗೆ ಮೊದಲು ಮೂಗಿಗೆ, ಆಮೇಲೆ ನಾಲಿಗೆಗೆ. ಯುರೋಪಿನ ಒಕ್ಕೂಟ ಆ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿದೆ. ದನ ಸಾಕಿದವನ ಹಾಲಿಗೆ ಊರಲ್ಲೇ ಗಿರಾಕಿ ಇದ್ದಾನೆ.

ಒಂದು ವಿಷಯದಲ್ಲಿ ಮಾತ್ರ ನನ್ನ ಮನಸ್ಸು ನಮ್ಮ ಕಡೆಗೇ ವಾಲುತ್ತದೆ. ವ್ಲಾಖ್ ದಾನಿಗಳು ಶಾಲೆ ಕಟ್ಟಿಸಿದ್ದು ಗ್ರೀಕ್ ಕಲಿಸಲು. ಮನೆಮಾತು ಶಾಲೆಯೊಳಗೆ ಬರಲೇ ಇಲ್ಲ. ಈಗ ಅದು ಬಹುಪಾಲು ಹಿರಿಯರ ಬಾಯಲ್ಲಿದೆ. ನಮ್ಮ ಹೊರನಾಡ ಸಂಘಗಳು ವಾರಾಂತ್ಯದಲ್ಲಿ ಬಾಡಿಗೆ ಕೋಣೆ ಹಿಡಿದು ಮಕ್ಕಳಿಗೆ ಅ ಆ ಇ ಈ ಬರೆಸುತ್ತವೆ. ಅದನ್ನು ಸುಮ್ನೆ ಹವ್ಯಾಸ ಅಂದುಕೊಳ್ಳುವವರು ಮೆತ್ಸೊವೊದ ಕಡೆ ನೋಡಬೇಕು.

ಊರಿಗೆ ಕೆಲಸ ತರುವುದು ನಮಗೆ ಗೊತ್ತಿಲ್ಲದ್ದೇನೂ ಅಲ್ಲ. ಅಡಿಕೆ, ಕೊಕ್ಕೊ ಬೆಳೆಗಾರರೇ ಸೇರಿ 1973ರಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಕಟ್ಟಿದರು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯೇ ಎದ್ದಿತು. ಅದನ್ನು ಮಾಡಿದವರು ಊರಲ್ಲಿ ಉಳಿದವರು. ಹೊರಗೆ ಬಂದ ನಮ್ಮ ಪಾಲೆಷ್ಟು ಅನ್ನುವುದೇ ನನ್ನ ಪ್ರಶ್ನೆ. ನಮ್ಮ ಮಲೆನಾಡಿನ ಅಪ್ಪೆಮಿಡಿಗೂ ಭೌಗೋಳಿಕ ಗುರುತು ಸಿಕ್ಕಿದೆ. ಆದರೂ ನಮ್ಮೂರ ಹೊಳೆದಂಡೆಯ ಮಿಡಿಯನ್ನು ಮರ ಹತ್ತಿ ಕೊಯ್ದವನಿಗೆ ಸಿಗುವುದು ಆವತ್ತಿನ ಕೂಲಿ ಮಾತ್ರ. ಉಪ್ಪಿನಕಾಯಿಯ ಲಾಭ ಬೇರೆ ಊರಿನ ಪಾಲು.

ನಮ್ಮೂರ ಬಳಗದ ಹೊರನಾಡಿನವರಲ್ಲಿ ಇಷ್ಟು ಕೇಳಿಕೊಳ್ಳುತ್ತೇನೆ. ಕಮಾನಿಗೆಂದು ಕೂಡಿಸಿದ ದುಡ್ಡು ಹಾಗೇ ಇದೆ. ಕಮಾನು ಆಮೇಲೆ ಆಗಲಿ. ಊರಲ್ಲೇ ಇರಬೇಕು ಅನ್ನುವ ಇಬ್ಬರನ್ನು ಮೊದಲು ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೆ ಕಲಿಯಲು ಕಳಿಸೋಣ. ಅವರು ವಾಪಸ್ ಬರುವಷ್ಟರಲ್ಲಿ ಸಮುದಾಯ ಭವನದ ಹಿಂದಿನ ಖಾಲಿ ಕೋಣೆಗೆ ನೀರು, ಕರೆಂಟು, ಭರಣಿ ಇಡುವ ಕಟ್ಟೆ ಆಗಿರಲಿ. ಅದರ ಖರ್ಚಿನಲ್ಲಿ ನನ್ನ ಪಾಲು ನಾನು ಕೊಡುತ್ತೇನೆ.